ಮೈಲುತುತ್ತದ ಲೆಕ್ಕ, ಒಂದು ತೊಟ್ಟಿ ಕೆಂಪು ವೈನ್

2023ರ ಮೇ ತಿಂಗಳಲ್ಲಿ ಇಟಲಿಯ ಟಸ್ಕನಿಯ ಕಿಯಾಂತಿ ಬೆಟ್ಟಗಳಲ್ಲಿ ಮಳೆ ಬಿಡಲೇ ಇಲ್ಲ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಈ ಸೀಮೆಯಲ್ಲಿ ಎಂಟು ಹೆಕ್ಟೇರಿನ ಸಾವಯವ ದ್ರಾಕ್ಷಿ ತೋಟವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಆ ವರ್ಷ ತೋಟದ ಯಜಮಾನಿ ಮುಕ್ಕಾಲು ಹೆಕ್ಟೇರ್ ಜಾಗವನ್ನೂ ಒಂದು ತೊಟ್ಟಿಯನ್ನೂ ಪೂರ್ತಿ ನನ್ನ ಕೈಗೆ ಬಿಟ್ಟಿದ್ದರು. ಬಳ್ಳಿಯಿಂದ ಬಾಟಲಿಯವರೆಗೆ ಎಲ್ಲ ನನ್ನದೇ ಜವಾಬ್ದಾರಿ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಇಲ್ಲಿಗೆ ಬಂದ ಹೊಸದರಲ್ಲಿ ಶೆಡ್ಡಿನಲ್ಲಿ ನೀಲಿ ಪುಡಿಯ ಚೀಲ ನೋಡಿ ನಿಂತುಬಿಟ್ಟಿದ್ದೆ. ಅದರ ಮೇಲೆ ‘ಪೊಲ್ತಿಲ್ಯಾ ಬೊರ್ದೊಲೇಸೆ’ ಎಂದು ಬರೆದಿತ್ತು. ನಮ್ಮ ಬೋರ್ಡೋ! ಕೊಳೆರೋಗ ಬರದಿರಲಿ ಎಂದು ಅಪ್ಪಯ್ಯ ಮಳೆಗಾಲಕ್ಕೆ ಮೊದಲು ಹೊಡೆಸುತ್ತಿದ್ದ ಅದೇ ಮೈಲುತುತ್ತ, ಅದೇ ಸುಣ್ಣ. ನೂರು ಲೀಟರ್ ನೀರಿಗೆ ಅದೊಂದು ಕೆಜಿ, ಇದೊಂದು ಕೆಜಿ. ಕತ್ತಿ ಅದ್ದಿ ನೋಡಬೇಕು. ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಈ ಮದ್ದು ಹುಟ್ಟಿದ್ದೇ ದ್ರಾಕ್ಷಿಗಾಗಿ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ. ಅದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದಮೇಲೆ. ರೋಗಗಳೂ ದೂರದ ನೆಂಟರೇ. ಇಲ್ಲಿಯವರು ಪೆರೊನೊಸ್ಪೊರಾ ಅನ್ನುವ ರೋಗವೂ ನಮ್ಮ ಕೊಳೆರೋಗವೂ ಎಲೆ, ಕಾಯಿಯ ಮೇಲೆ ನಿಂತ ನೀರಿನಲ್ಲಿ ಈಜಿ ಹರಡುವಂಥವು.

ಸಾವಯವ ಅಂದರೆ ಮದ್ದೇ ಹೊಡೆಯುವುದಿಲ್ಲ ಅಂದುಕೊಂಡವರು ಜಾಸ್ತಿ. ಹಾಗಲ್ಲ. ಗಿಡದ ಒಳಗೆ ಇಳಿದು ರೋಗ ವಾಸಿ ಮಾಡುವ ರಾಸಾಯನಿಕ ಇಲ್ಲ, ಅಷ್ಟೇ. ನಮ್ಮಲ್ಲಿರುವ ಮೈಲುತುತ್ತದ ತಾಮ್ರ, ಗಂಧಕ ಎರಡೂ ಎಲೆಯ ಮೇಲೆ ಕೂತಿರುತ್ತವೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತವೆ. ಆಮೇಲೆ ಚಿಗುರಿದ ಎಲೆಗೆ ಕಾವಲೇ ಇಲ್ಲ. ತಾಮ್ರವನ್ನು ಬೇಕಾದಷ್ಟು ಹೊಡೆಯುವ ಹಾಗೂ ಇಲ್ಲ, ಮಣ್ಣಿನಲ್ಲಿ ಉಳಿದು ಎರೆಹುಳುವಿಗೆ ಕೆಡುಕು. ಯುರೋಪಿನ ನಿಯಮದ ಪ್ರಕಾರ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ. ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು ಕೆಜಿ.

ಹಾಗಾಗಿ ಯಾವಾಗ ಹೊಡೆಯುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ. ಇಲ್ಲಿನ ಹಳಬರು ‘ಮೂರು ಹತ್ತು’ ಅನ್ನುತ್ತಾರೆ. ಚಿಗುರು ಹತ್ತು ಸೆಂಟಿಮೀಟರ್, ಮಳೆ ಹತ್ತು ಮಿಲಿಮೀಟರ್, ತಾಪಮಾನ ಹತ್ತು ಡಿಗ್ರಿ. ಮೂರೂ ಸೇರಿದರೆ ರೋಗ ಶುರು. ಇದು ಗೊತ್ತಿದ್ದೂ ನಾನು ತಪ್ಪಿದೆ. ಮೇ ಕೊನೆಯ ಒಂದು ಭಾನುವಾರ ಬಿಸಿಲು ಬಂತು. ನೆಲ ಕೆಸರು, ಟ್ರ್ಯಾಕ್ಟರ್ ಹೂತರೆ ಕಷ್ಟ, ನಾಳೆ ಹೊಡೆದರಾಯಿತು ಅಂದುಕೊಂಡೆ. ರಾತ್ರಿ ಮಳೆ ಸುರಿಯಿತು. ಹತ್ತು ದಿನದೊಳಗೆ ಕೆಳಗಿನ ಸಾಲುಗಳ ಎಲೆಯಲ್ಲಿ ಎಣ್ಣೆ ಚೆಲ್ಲಿದಂಥ ಕಲೆ. ಆಮೇಲೆ ಕಾಯಿ ಕಂದಾಗಿ ಮುರುಟಿದವು. ಬೆನ್ನಿಗೆ ಹೊತ್ತ ಪಂಪಿನಿಂದಾದರೂ ಹೊಡೆಯಬಹುದಿತ್ತು. ಅಪ್ಪಯ್ಯ ಹಾಗೇ ಮಾಡುತ್ತಿದ್ದರು.

ಆ ವರ್ಷ ಹದಿನಾಲ್ಕು ಸಲ ಹೊಡೆದೆ. ಅಕ್ಟೋಬರ್ ಮೊದಲ ವಾರ ಕೊಯ್ಲು. ಒಣಗಿದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಬಿಸಾಕಿದೆವು. 45 ಕ್ವಿಂಟಲ್ ಬರಬೇಕಾದಲ್ಲಿ 29 ಸಿಕ್ಕಿತು. ಎಲ್ಲ ಸಾಂಜೊವೇಸೆ ತಳಿ. ಈ ಸೀಮೆಯ ಕೆಂಪು ವೈನ್ ಕಿಯಾಂತಿ ಕ್ಲಾಸಿಕೊ ಅನ್ನಿಸಿಕೊಳ್ಳಲು ನೂರಕ್ಕೆ ಕನಿಷ್ಠ 80 ಭಾಗ ಅದೇ ಇರಬೇಕು.

ನಾವು ಪ್ಯಾಕೆಟ್ ಯೀಸ್ಟ್ ಹಾಕುವುದಿಲ್ಲ. ಕೊಯ್ಲಿಗೆ ಒಂದು ವಾರ ಮುಂಚೆ ಒಂದಷ್ಟು ಚೆನ್ನಾದ ಗೊಂಚಲು ತಂದು ಹಿಸುಕಿ, ಬೆಚ್ಚಗಿನ ಮೂಲೆಯಲ್ಲಿ ಇಡುತ್ತೇವೆ. ತಾನಾಗಿ ನೊರೆ ಏಳುತ್ತದೆ. ಅದೇ ಹೆಪ್ಪು. ಅದನ್ನು ತೊಟ್ಟಿಗೆ ಸುರಿದ ಎರಡನೇ ದಿನಕ್ಕೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರ ಕಟ್ಟಿತು. ದಿನಕ್ಕೆ ಎರಡು ಸಲ ಅದನ್ನು ಒತ್ತಿ ರಸದಲ್ಲಿ ಮುಳುಗಿಸಬೇಕು. ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲೇ ಇರುವುದು. ಒಂದು ಎಚ್ಚರ ಬೇಕು. ಆಗ ಏಳುವ ಅನಿಲ ನೆಲದ ಹತ್ತಿರವೇ ಕೂರುತ್ತದೆ. ಬಾಗಿಲು ತೆರೆದು ಗಾಳಿ ಆಡಲು ಬಿಡದೆ ಒಳಗೆ ಹೋಗಬಾರದು, ಜೀವಕ್ಕೇ ಅಪಾಯ.

ಐದನೇ ದಿನ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ. ನನ್ನ ಕೈಕಾಲು ತಣ್ಣಗಾಯಿತು. ಯಜಮಾನಿ ಬಂದು ಮೂಸಿ, ಯೀಸ್ಟಿಗೆ ಉಸಿರು ಕಟ್ಟಿದೆ ಅಂದರು. ಆಹಾರವೂ ಗಾಳಿಯೂ ಸಾಲದಾದರೆ ಯೀಸ್ಟ್ ಗಂಧಕದ ಆ ವಾಸನೆ ಬಿಡುತ್ತದೆ. ಕೆಳಗಿನ ನಲ್ಲಿಯಿಂದ ರಸವನ್ನು ತೆರೆದ ಟಬ್ಬಿಗೆ ಎತ್ತರದಿಂದ ಬೀಳಿಸಿ, ಪಂಪಿನಿಂದ ಮತ್ತೆ ಮೇಲಕ್ಕೆ ಸುರಿದೆವು. ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ. ಎರಡು ದಿನಕ್ಕೆ ವಾಸನೆ ಹೋಯಿತು, ಚೆರ್ರಿಯ ಪರಿಮಳ ಬಂತು. ಆ ಹೊತ್ತಿನ ಸಮಾಧಾನ ನನಗೆ ಇನ್ನೂ ನೆನಪಿದೆ.

ಹದಿನೆಂಟನೇ ದಿನ ಹಿಂಡಿದೆವು. ಸಿಪ್ಪೆ ಗೊಬ್ಬರದ ರಾಶಿಗೆ ಹೋಯಿತು. ವೈನ್ ಹಳೆಯ ದೊಡ್ಡ ಓಕ್ ಪೀಪಾಯಿಯಲ್ಲಿ ಒಂದು ವರ್ಷ ಸುಮ್ನೆ ಕೂತಿತ್ತು. ಬಾಟಲಿಗೆ ತುಂಬುವ ಮುಂಚೆ, ವೈನ್ ಕೆಡದಿರಲಿ ಎಂದು ಸ್ವಲ್ಪ ಸಲ್ಫೈಟ್ ಹಾಕಿದೆ. ಸಾವಯವ ಕೆಂಪು ವೈನಿಗೆ ಮಿತಿ ಲೀಟರಿಗೆ 100 ಮಿಲಿಗ್ರಾಂ, ಮಾಮೂಲಿ ವೈನಿಗೆ 150. ನಮ್ಮದು 60ರ ಆಸುಪಾಸು. ಪೂರ್ತಿ ಬಿಟ್ಟುಬಿಡಬೇಕು ಅನ್ನುವವರಿದ್ದಾರೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಹಣ್ಣನ್ನು ಬಾಟಲಿಯಲ್ಲಿ ಕೆಡಲು ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಸುಮಾರು 2,400 ಬಾಟಲಿ ಆಯಿತು. ಬಣ್ಣ ತೆಳು ಮಾಣಿಕ್ಯ, ಮೊದಲು ಹುಳಿ ಚೆರ್ರಿ, ಕೊನೆಯಲ್ಲಿ ಒಗರು. ಎಳೆ ಅಡಿಕೆ ಕಚ್ಚಿದಾಗ ನಾಲಿಗೆ ಹಿಡಿಯುತ್ತದಲ್ಲ, ಅಂಥದ್ದೇ ಒಗರು, ಅದಕ್ಕಿಂತ ಮೆತ್ತಗೆ. ಅಪ್ಪಯ್ಯ ವೈನ್ ಕುಡಿಯುವವರಲ್ಲ. ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ, ಆ ಕೆಳಗಿನ ಸಾಲುಗಳಲ್ಲಿ ನೀರು ನಿಲ್ಲುತ್ತದಾ ಅಂತ. ಹೌದು, ನಿಲ್ಲುತ್ತಿತ್ತು. ಆ ಚಳಿಗಾಲದಲ್ಲೇ ಅಲ್ಲಿ ಬಸಿಗಾಲುವೆ ತೆಗೆದೆ.