ಪ್ಲೈವುಡ್ ಕಪಾಟಿಗೆ ಬಣ್ಣ ಹಚ್ಚುವ ಮೊದಲು

ಮನೆಯಲ್ಲೇ ಪ್ಲೈವುಡ್ ಕೊಯ್ದು ಕಪಾಟು, ಪುಸ್ತಕದ ಗೂಡು ಮಾಡಿಕೊಳ್ಳುವ ಹುಡುಗರನ್ನು ನಮ್ಮ ಕಲಬುರಗಿಯಲ್ಲಿ ಕಂಡರೆ ನನಗೆ ಬಹಳ ಖುಷಿ. ಆದರೆ ಕೆಲಸ ಮುಗಿದ ಕೂಡಲೇ ಬಣ್ಣದ ಡಬ್ಬಿ ತೆರೆಯುವ ಅವಸರ ಬೇಡ. ಮೊದಲು ಕೊಯ್ದ ಅಂಚು ನೋಡ್ರಿ.

ಪ್ಲೈವುಡ್‌ನ ಮೈ ನುಣುಪು, ಅಂಚು ಹಾಗಲ್ಲ. ತೆಳು ಹಾಳೆಗಳನ್ನು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಟ್ಟು ಅಂಟಿಸಿರುತ್ತಾರಲ್ವಾ? ಅಡ್ಡ ಹಾಳೆಯ ಕೊಯ್ದ ತುದಿ ಬಣ್ಣವನ್ನೆಲ್ಲ ಹೀರಿಬಿಡುತ್ತದೆ. ನಡುನಡುವೆ ಸಣ್ಣ ಪೊಳ್ಳುಗಳೂ ಇರುತ್ತವೆ. ಅವನ್ನು ಹಾಗೇ ಬಿಟ್ಟರೆ ಎಷ್ಟು ಕೋಟ್ ಹಚ್ಚಿದರೂ ಗೆರೆ ಎದ್ದು ಕಾಣುತ್ತದೆ.

ಪೊಳ್ಳಿಗೆ ದುಡ್ಡು ಖರ್ಚು ಮಾಡಬೇಕಿಲ್ಲ. ಕೊಯ್ದಾಗ ಬಿದ್ದ ಮರದ ಹೊಟ್ಟನ್ನು ಜರಡಿ ಹಿಡಿದು, ಫೆವಿಕಾಲ್‌ನಲ್ಲಿ ಗಟ್ಟಿಯಾಗಿ ಕಲಸಿ, ಒತ್ತಿ ತುಂಬಿ. ಒಣಗಿದಾಗ ಒಳಗೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಉಬ್ಬಿಸಿಯೇ ಇಡಿ. ಮೊಳೆ, ಸ್ಕ್ರೂ ತಲೆಗಳು ಮೈಗಿಂತ ಚೂರು ಒಳಗಿರಲಿ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ 120 ನಂಬರಿನ ಸ್ಯಾಂಡ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ತಿಕ್ಕಿ. ಮೈಮೇಲೆ ಮಾತ್ರ ಕೈ ಹಗುರ ಇರಲಿ. ಮೇಲಿನ ಹಾಳೆ ಎಷ್ಟೋ ಸಲ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಚೂಪಾದ ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದನ್ನು ಚೂರು ಮೊಂಡು ಮಾಡಿ.

ಮೈ ಸಮ ಮಾಡುವ ಲೇಪವಾದ ಪುಟ್ಟಿಗಿಂತ ಮೊದಲು ಪ್ರೈಮರ್, ಅಂದರೆ ಬಣ್ಣದ ಅಡಿಗೆ ಹಚ್ಚುವ ಕೋಟ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬರೀ ಪ್ಲೈ ಮೇಲೆ ಎಣ್ಣೆ ಪುಟ್ಟಿ ಹಚ್ಚಿದರೆ ಮರ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಪುಟ್ಟಿ ಪುಡಿಯಾಗಿ ಉದುರುತ್ತದೆ. ಅಂಚಿಗೆ ವುಡ್ ಪ್ರೈಮರ್ ಎರಡು ಸಲ ಕುಡಿಸಿ. ಗೋಡೆಗೆ ತಂದು ಉಳಿದ ಬಿಳಿ ಸಿಮೆಂಟಿನ ಪುಟ್ಟಿ ಬೇಡವೇ ಬೇಡ, ಮರ ಹಿಗ್ಗಿ ಕುಗ್ಗಿದಾಗ ಅದು ಬಿರುಕು ಬಿಡುತ್ತದೆ. ಮರದ ಪುಟ್ಟಿಯನ್ನೇ ತನ್ನಿ. ಚಾಕ್ ಪೌಡರ್ ಮತ್ತು ಕಾಸಿದ ಅಗಸೆ ಎಣ್ಣೆ ಕಲಸಿ ಮನೆಯಲ್ಲೂ ಮಾಡಬಹುದು, ಆದರೆ ಒಣಗಲು ದಿನಗಟ್ಟಲೆ ಬೇಕು. ಆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಕಾವು ಏರಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಹಾಕಿ.

ಪುಟ್ಟಿ ದಪ್ಪ ಬಳಿದರೆ ಸೀಳುತ್ತದೆ. ಪುಟ್ಟಿ ಬಳಿಯುವ ಚಪ್ಪಟೆ ಪಟ್ಟಿಯನ್ನು ಓರೆಯಾಗಿ ಹಿಡಿದು, ಒತ್ತಿ ಎಳೆದು, ಉಳಿದದ್ದನ್ನು ಕೆರೆದು ತೆಗೆಯಿರಿ. ಒಣಗಿದ ಮೇಲೆ 180, ಆಮೇಲೆ 220ರಲ್ಲಿ ತಿಕ್ಕಿ. ಮೂಗು, ಬಾಯಿಗೆ ಮಾಸ್ಕ್ ಇರಲಿ. ಸಂಜೆ ದೀಪ ಆರಿಸಿ, ಟಾರ್ಚನ್ನು ಕಪಾಟಿನ ಮೈಗೆ ಅಂಟಿಸಿದ ಹಾಗೆ ಅಡ್ಡಕ್ಕೆ ಹಿಡಿದು ನೋಡಿ. ಹಗಲಲ್ಲಿ ಕಾಣದ ತಗ್ಗು, ಗೀರು ಎಲ್ಲ ನೆರಳು ಬಿಟ್ಟು ಕಾಣುತ್ತವೆ. ಅಲ್ಲಿ ಮತ್ತೆ ಪುಟ್ಟಿ, ಮತ್ತೆ ತಿಕ್ಕು, ಮೇಲೊಂದು ಕೋಟ್ ಪ್ರೈಮರ್.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ. ಅಂಗಳದಲ್ಲಿ ಪ್ರೈಮರ್ ಹಚ್ಚಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಗಾಳಿಯಾಡುವ ನೆರಳಲ್ಲಿ, ಬೆಳಿಗ್ಗೆ ಹಚ್ಚಿ. ತೊಗರಿ ರಾಶಿ ನಡೆಯುವಾಗ ಧೂಳಿನ ಕಾಟ, ಕೆಲಸ ಒಳಗೇ ಇಟ್ಟುಕೊಳ್ಳಿ.

ಕಪಾಟಿನ ತಳವನ್ನು ಹೆಚ್ಚಿನವರು ಮರೆತೇ ಬಿಡುತ್ತಾರೆ. ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿ ಕಲ್ಲಿಗೆ ನೀರು ಹಾಕಿ ತೊಳೆಯುವುದು ರೂಢಿ. ಆ ನೀರು ಬಣ್ಣವಿಲ್ಲದ ಅಂಚಿಗೆ ತಾಗಿದರೆ ಪ್ಲೈ ಉಬ್ಬಿ ಹಾಳೆ ಬಿಡುತ್ತದೆ. ಹಾಗಾಗಿ ಕಪಾಟನ್ನು ನಿಲ್ಲಿಸುವ ಮೊದಲೇ ಮಗುಚಿ ಹಾಕಿ, ತಳದ ಅಂಚಿಗೂ ಪ್ರೈಮರ್, ಬಣ್ಣ ಎರಡೂ ಹಚ್ಚಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ.