75 ಅಡಿಯ ಕ್ರಿಸ್‌ಮಸ್ ಮರಕ್ಕೆ ದೀಪ ಏರಿಸುವ ಕೆಲಸ

ಬೆಂಗಳೂರಿನಲ್ಲಿ ಜನ ಕ್ರಿಸ್‌ಮಸ್ ಮರವೆಂದು ಕರೆಯುವುದು ಬಹುಮಟ್ಟಿಗೆ ಅರಾಕೇರಿಯಾ ಜಾತಿಯ ಮರವನ್ನು. ಕುಂಡದಲ್ಲಿ ಮೊಣಕಾಲೆತ್ತರ ಇದ್ದಾಗ ತಂದು ನೆಟ್ಟ ಗಿಡ ಕಾಲಕ್ರಮದಲ್ಲಿ ಅಕ್ಕಪಕ್ಕದ ಕಟ್ಟಡಗಳನ್ನೆಲ್ಲ ಮೀರಿ ನಿಲ್ಲುತ್ತದೆ. ಲಾಲ್‌ಬಾಗಿನ ಹಳೆಯ ಅರಾಕೇರಿಯಾಗಳನ್ನು ಕತ್ತೆತ್ತಿ ನೋಡಿದವರಿಗೆ ಇದು ಗೊತ್ತು. ಇವುಗಳಲ್ಲಿ ಕುಕ್ ಪೈನ್ ಎಂಬುದರ ತವರು ನ್ಯೂ ಕ್ಯಾಲೆಡೋನಿಯಾ. 1774ರಲ್ಲಿ ಆ ದ್ವೀಪವನ್ನು ಕಂಡ ಜೇಮ್ಸ್ ಕುಕ್‌ನ ಹೆಸರು ಮರಕ್ಕೂ ಬಂದಿದೆ. ಹಬ್ಬಗಳ ದೀಪಾಲಂಕಾರವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಒಂದು ಚರ್ಚಿನ ಅಂಗಳದಲ್ಲಿರುವ 75 ಅಡಿಯ ಕುಕ್ ಪೈನ್ ಮರಕ್ಕೆ ದೀಪ ಹಾಕುವ ಹೊಣೆ ಹಲವು ವರ್ಷಗಳಿಂದ ಇದೆ. ಇಷ್ಟು ಎತ್ತರದ ಮರದ ವಿಷಯದಲ್ಲಿ ದೀಪವನ್ನು ಹೇಗೆ ಏರಿಸುವುದು ಎನ್ನುವುದಕ್ಕಿಂತ ಮೊದಲು, ಹೇಗೆ ಇಳಿಸುವುದು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏರಿಸಿದ ತಂತಿಯನ್ನು ಇಳಿಸಲಾಗದೆ ಅಲ್ಲೇ ಬಿಟ್ಟರೆ ಕಾಂಡ ದಪ್ಪವಾದಂತೆಲ್ಲ ಅದು ತೊಗಟೆಯೊಳಕ್ಕೆ ಇಳಿದು ಮರವನ್ನು ಬಿಗಿಯುತ್ತದೆ. ನಗರದ ರಸ್ತೆಬದಿಯ ಎಷ್ಟೋ ಮರಗಳಲ್ಲಿ ಈ ಗಾಯವನ್ನು ನೋಡಿ ನಾನು ಸಂಕಟಪಟ್ಟಿದ್ದೇನೆ.

ಈ ಮರವನ್ನು ಯಾರೂ ಹತ್ತಬಾರದು. ಕೊಂಬೆಗಳು ಗಿಡ್ಡ, ಮನುಷ್ಯನ ಭಾರಕ್ಕೆ ಸುಲಭವಾಗಿ ಮುರಿಯುತ್ತವೆ. ಏಣಿ ಒರಗಿಸಲು ನೆಚ್ಚಬಹುದಾದ ಕವಲೂ ಇಲ್ಲ. ಆದ್ದರಿಂದ ಮೊದಲ ವರ್ಷ ಬುಟ್ಟಿ ಇರುವ ಹೈಡ್ರಾಲಿಕ್ ಲಿಫ್ಟನ್ನು ಬಾಡಿಗೆಗೆ ತರಿಸಿ, ತುದಿಯಿಂದ 8 ಅಡಿ ಕೆಳಗೆ, ಕಾಂಡ ಗಟ್ಟಿಯಾಗಿರುವಲ್ಲಿ, ಅಗಲವಾದ ಪಾಲಿಯೆಸ್ಟರ್ ಬೆಲ್ಟ್ ಸುತ್ತಿ ಅದಕ್ಕೆ ಎರಡು ರಾಟೆಗಳನ್ನು ಎದುರುಬದುರಾಗಿ ತೂಗುಹಾಕಿದೆವು. ಮೊಳೆ ಹೊಡೆಯಲಿಲ್ಲ, ತಂತಿ ಬಿಗಿಯಲಿಲ್ಲ. ರಾಟೆಯ ಮೂಲಕ ಒಂದು ಕಡೆಯಿಂದ ಎಳೆದಾಗ ಬೆಲ್ಟಿನ ಮೇಲೆ ಬೀಳುವ ಭಾರ ಏರಿಸುವ ವಸ್ತುವಿನ ತೂಕದ ಎರಡರಷ್ಟಾಗುತ್ತದೆ ಎಂಬ ಲೆಕ್ಕ ಇಲ್ಲಿ ಮುಖ್ಯ. ತುದಿಗೆ ಇನ್ನೂ ಹತ್ತಿರ ಕಟ್ಟಿದರೆ ನೋಟಕ್ಕೆ ಚೆನ್ನಾಗಿರುತ್ತದೆಂದು ಅನೇಕರು ಹೇಳುತ್ತಾರೆ, ಆದರೆ ಎಳೆಯ ಕುಡಿ ಮುರಿದರೆ ಅದರ ಬದಲಿಗೆ ಹಲವು ಕುಡಿಗಳು ಹೊರಟು ಮರದ ನೀಳವಾದ ರೂಪವೇ ಕೆಡುತ್ತದೆ. ನಕ್ಷತ್ರವನ್ನೂ ಈ ಕಾರಣದಿಂದಲೇ ನೆತ್ತಿಗೆ ಸಿಕ್ಕಿಸದೆ, ಹಗುರವಾದ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಮಾಡಿ ಮುಂಭಾಗದ ರಾಟೆಯಿಂದಲೇ ಏರಿಸುತ್ತೇವೆ.

ಕುಕ್ ಪೈನ್ ನೆಟ್ಟಗೆ ನಿಲ್ಲುವುದು ಅಪರೂಪ. ಲೋಕದ ಬೇರೆಬೇರೆ ಭಾಗಗಳಲ್ಲಿ ಈ ಮರಗಳನ್ನು ಅಳೆದು ನೋಡಿದ ಸಸ್ಯವಿಜ್ಞಾನಿಗಳು, ಅವು ಸಮಭಾಜಕ ವೃತ್ತದ ದಿಕ್ಕಿಗೆ ವಾಲುತ್ತವೆಂದು 2017ರಲ್ಲಿ ಪ್ರಕಟಿಸಿದರು. ಹಾಗಾಗಿ ನಮ್ಮಲ್ಲಿ ಅವು ದಕ್ಷಿಣಕ್ಕೆ ವಾಲುತ್ತವೆ. ದೀಪ ಕಟ್ಟುವವನಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ನಮ್ಮ ಮರದ ವಾಲು ಸುಮಾರು 5 ಡಿಗ್ರಿ. ಅಷ್ಟಕ್ಕೇ ತುದಿಯು ಬುಡದಿಂದ 6 ಅಡಿಗೂ ಹೆಚ್ಚು ದಕ್ಷಿಣಕ್ಕೆ ಸರಿದಿರುತ್ತದೆ. ಬುಡವನ್ನೇ ಕೇಂದ್ರವೆಂದು ಹಿಡಿದು ಸುತ್ತಲೂ ಗೂಟ ಹೊಡೆದರೆ ರಾಟೆಯಿಂದ ಗೂಟಗಳಿಗೆ ಇಳಿಯುವ ದೀಪದ ಸಾಲುಗಳಲ್ಲಿ ಉತ್ತರದವು ಹೆಚ್ಚು ಓರೆಯಾಗಿ ಹರಡುತ್ತವೆ, ದಕ್ಷಿಣದವು ಕಡಿದಾಗಿ ಇಳಿದು ರೂಪ ಸೊಟ್ಟಗಾಗುತ್ತದೆ. ರಾಟೆಯ ನೇರಕ್ಕೆ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದ ಜಾಗ ಮತ್ತು ಬುಡ ಇವೆರಡರ ನಡುವಿನ ಬಿಂದುವನ್ನು ಕೇಂದ್ರವಾಗಿಸಿ, 14 ಅಡಿ ತ್ರಿಜ್ಯದ ವೃತ್ತ ಎಳೆದು ಅದರ ಮೇಲೆ ಹನ್ನೆರಡು ಗೂಟಗಳನ್ನು ನೆಡುತ್ತೇವೆ. ಕೊಂಬೆಗಳ ಹರಹಿಗಿಂತ ವೃತ್ತ ದೊಡ್ಡದಿರುವುದರಿಂದ ಸಾಲುಗಳು ಮರಕ್ಕೆ ತಾಗದೆ ಹೊರಗಿನಿಂದಲೇ ಇಳಿಯುತ್ತವೆ.

ಹನ್ನೆರಡು ಸಾಲುಗಳಲ್ಲಿ ಆರು ಮಾತ್ರ ನೆತ್ತಿಯವರೆಗೆ ಹೋಗುತ್ತವೆ. ಎಲ್ಲವನ್ನೂ ಮೇಲಕ್ಕೊಯ್ದರೆ ಅವು ಅಲ್ಲಿ ಒತ್ತೊತ್ತಾಗಿ ಸೇರಿ ಬೆಳಕಿನ ಮುದ್ದೆಯಾಗುತ್ತವೆ, ಕೆಳಭಾಗ ಮಾತ್ರ ಬಿಡಿಬಿಡಿಯಾಗಿ ಕಾಣುತ್ತದೆ. ಉಳಿದ ಆರರಲ್ಲಿ ಬಲ್ಬುಗಳು ಮೂರನೆಯ ಎರಡು ಭಾಗದ ಎತ್ತರದಲ್ಲಿ ನಿಲ್ಲುತ್ತವೆ. ಅಲ್ಲಿಂದ ಮೇಲಕ್ಕೆ ಬರಿಯ ಕಪ್ಪು ಹಗ್ಗ.

ಸೀರಿಯಲ್ ಸೆಟ್ಟಿನ ತಂತಿ ವಿದ್ಯುತ್ತನ್ನು ಹೊರಲು ಇರುವುದೇ ಹೊರತು ತೂಕವನ್ನು ಹೊರಲು ಅಲ್ಲ. 60 ಅಡಿ ನೇತಾಡಿದ ತಂತಿ ಗಾಳಿಗೆ ಜಗ್ಗಿ ಜಗ್ಗಿ, ಬಲ್ಬಿನ ಬುಡದಲ್ಲಿ ಒಳಗಿನ ಎಳೆ ಕಡಿದುಕೊಳ್ಳುತ್ತದೆ. ಹೊರಗಿನ ಪ್ಲಾಸ್ಟಿಕ್ ಹಾಗೆಯೇ ಇರುವುದರಿಂದ ದೋಷ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕಾಗಿ ಪ್ರತಿಯೊಂದು ಸೆಟ್ಟನ್ನೂ ನೆಲದ ಮೇಲೆ ಹಾಸಿ, ಅದರ ಉದ್ದಕ್ಕೂ ತೆಳ್ಳನೆಯ ಪಾಲಿಯೆಸ್ಟರ್ ಹಗ್ಗವನ್ನು ಜೊತೆಗಿಟ್ಟು, ಅಡಿಗೊಂದರಂತೆ ಕೇಬಲ್ ಟೈ ಹಾಕುತ್ತೇವೆ. ಹಗ್ಗ ಬಿಗಿಯಾಗಿರಬೇಕು, ತಂತಿ ಸ್ವಲ್ಪ ಸಡಿಲವಾಗಿರಬೇಕು. ನೈಲಾನ್ ಅಗ್ಗವಾಗಿ ಸಿಗುತ್ತದೆಯಾದರೂ ನೆನೆದಾಗ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸವೆಯುತ್ತದೆ. ಸಾಲುಗಳ ಕೆಳತುದಿಯನ್ನು ಗೂಟಕ್ಕೆ ನೇರವಾಗಿ ಕಟ್ಟದೆ ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಾಕುತ್ತೇವೆ. ಮರ ತೂಗಿದಾಗ ರಬ್ಬರು ಹಿಗ್ಗಿ ಕುಗ್ಗಿ, ಮೇಲಿನ ಕಟ್ಟಿಗೆ ಹೊಡೆತ ಬೀಳದಂತೆ ತಡೆಯುತ್ತದೆ.

ಏರಿಸುವಾಗ ಆರಾರು ಸಾಲುಗಳನ್ನು ಒಂದೊಂದು ಬಾಗಿದ ಅಲ್ಯೂಮಿನಿಯಂ ಪೈಪಿಗೆ ಕಟ್ಟಿ, ಎರಡು ರಾಟೆಗಳಿಂದಲೂ ಒಂದೇ ವೇಗದಲ್ಲಿ ಎಳೆಯಬೇಕು. ಎಳೆಯುವವರು ಬುಡದಲ್ಲಿ ನಿಲ್ಲಬಾರದು. ವೃತ್ತದಿಂದಾಚೆಗೆ ನಿಂತು ಎಳೆದರೆ ಹಗ್ಗ ಕೊಂಬೆಗಳಿಗೆ ಸಿಕ್ಕುವುದಿಲ್ಲ, ಮೇಲಿನಿಂದ ಏನಾದರೂ ಜಾರಿದರೂ ತಲೆಯ ಮೇಲೆ ಬೀಳುವುದಿಲ್ಲ. ಅಂಗಳದ ಸಿಲ್ವರ್ ಓಕ್ ಮರಗಳಿಗೆ ರಾಟೆಯಿಲ್ಲ. ಅವಕ್ಕೆ ಕ್ಯಾಟರ್‌ಬಿಲ್ಲಿನಿಂದ ಸೀಸದ ಗುಂಡು ಕಟ್ಟಿದ ಗಾಳದ ದಾರವನ್ನು ಕೊಂಬೆಯ ಮೇಲೆ ದಾಟಿಸಿ, ದಾರದಿಂದ ಹುರಿಯನ್ನೂ ಹುರಿಯಿಂದ ಹಗ್ಗವನ್ನೂ ಎಳೆದುಕೊಳ್ಳುತ್ತೇವೆ. ಹತ್ತಿರದಲ್ಲಿ ವಿದ್ಯುತ್ ಕಂಬದ ತಂತಿಗಳು ಹಾದುಹೋಗುವ ಮರವಾದರೆ ನಾನು ಎಷ್ಟೇ ಹಣಕ್ಕೂ ಆ ಕೆಲಸವನ್ನು ಒಪ್ಪುವುದಿಲ್ಲ. ಒದ್ದೆಯಾದ ದಾರವೂ ಹೈ ಟೆನ್ಶನ್ ಲೈನಿಗೆ ತಗುಲಿದರೆ ಜೀವ ತೆಗೆಯುತ್ತದೆ.

ವಿದ್ಯುತ್ತು ಯಾವಾಗಲೂ ಕೆಳಗಿನಿಂದಲೇ ಹೋಗಬೇಕು. ಕೈಗೆಟುಕದ ಎತ್ತರದಲ್ಲಿ ಒಂದು ಜಾಯಿಂಟೂ ಇರಬಾರದು. ಒಂದು ಸೆಟ್ಟಿನ ಬಾಲಕ್ಕೆ ಇನ್ನೊಂದನ್ನು ಪೋಣಿಸುತ್ತ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ, ಆದರೆ ಹಾಗೆ ಮಾಡಿದರೆ ಎಲ್ಲ ಸೆಟ್ಟುಗಳ ಕರೆಂಟೂ ಮೊದಲ ಸೆಟ್ಟಿನ ಕೂದಲಿನಂಥ ತಂತಿಯಲ್ಲೇ ಹರಿಯಬೇಕಾಗುತ್ತದೆ. ಬುಡದ ಬಳಿ ನೆಲದಿಂದ ಎತ್ತರಿಸಿದ ಪೆಟ್ಟಿಗೆಯಿಂದ ಪ್ರತಿ ಸಾಲಿಗೂ ಪ್ರತ್ಯೇಕ ಸಂಪರ್ಕ ಕೊಡುವುದು ನನ್ನ ಪದ್ಧತಿ. ಸಾಲಿಗೆ ಸುಮಾರು 10 ವ್ಯಾಟಿನಂತೆ ಎಲ್ಲ ಸೇರಿದರೂ 120 ವ್ಯಾಟ್ ದಾಟುವುದಿಲ್ಲ. ಹಿಂದೆ ಬಳಸುತ್ತಿದ್ದ ಬಣ್ಣದ ಝೀರೋ ಬಲ್ಬುಗಳಾದರೆ ತಲಾ 15 ವ್ಯಾಟ್ ಹಿಡಿದು, ಇನ್ನೂರು ಬಲ್ಬಿಗೆ 3,000 ವ್ಯಾಟ್ ಬೇಕಾಗುತ್ತಿತ್ತು. ಮರದ ಎರಡು ಅರ್ಧಗಳಿಗೂ 30 ಮಿಲಿ ಆಂಪಿಯರಿನ ಬೇರೆಬೇರೆ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಇರಿಸಿದ್ದೇನೆ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಜಿಟಿಜಿಟಿ ಮಳೆ ಹಿಡಿಯಬಹುದು, ಮಳೆಯಿಲ್ಲದಿದ್ದರೂ ನಸುಕಿನ ಇಬ್ಬನಿಗೇ ಇಎಲ್‌ಸಿಬಿ ಬೀಳುವುದುಂಟು. ಆಗ ಅದನ್ನು ತೆಗೆದು ನೇರ ಸಂಪರ್ಕ ಕೊಡಿ ಎಂದು ಒತ್ತಾಯಿಸುವವರಿಗೆ ನಾನು ಎಂದೂ ಮಣಿದಿಲ್ಲ. ಜಾಯಿಂಟುಗಳಿಗೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ನೀರು ಪೆಟ್ಟಿಗೆಯೊಳಕ್ಕೆ ಹರಿಯದೆ ಹೊರಗೇ ತೊಟ್ಟಿಕ್ಕುವಂತೆ ತಂತಿಯನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಿದರೆ ಆ ತೊಂದರೆ ಬಹುಪಾಲು ನಿಲ್ಲುತ್ತದೆ. ಗೋದಲಿಯ ಸುತ್ತ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ, 12 ವೋಲ್ಟಿನ ದೀಪಗಳನ್ನಲ್ಲದೆ ಬೇರೇನನ್ನೂ ಹಾಕುವುದಿಲ್ಲ.

ಮಿಣುಕುವ ದೀಪಗಳನ್ನು ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಮರದ ಗಾಂಭೀರ್ಯಕ್ಕೆ ನಿಶ್ಚಲವಾದ ಹಳದಿ ಛಾಯೆಯ ಬೆಳಕೇ ಒಪ್ಪುತ್ತದೆ. ಕ್ರಿಸ್‌ಮಸ್ಸಿನ ನಡುರಾತ್ರಿಯ ಬಲಿಪೂಜೆಯ ದಿನವನ್ನು ಬಿಟ್ಟರೆ ಉಳಿದ ರಾತ್ರಿಗಳಲ್ಲಿ 11 ಗಂಟೆಗೆ ಟೈಮರ್ ದೀಪಗಳನ್ನು ಆರಿಸುತ್ತದೆ. ಹದ್ದುಗಳು ಇಂಥ ಎತ್ತರದ ಮರಗಳನ್ನು ಗೂಡಿಗೆ ಆರಿಸಿಕೊಳ್ಳುತ್ತವೆ, ಅವುಗಳ ಗೂಡು ಕಟ್ಟುವ ಕಾಲ ಚಳಿಗಾಲದಲ್ಲೇ ಶುರುವಾಗುತ್ತದೆ. ಆದ್ದರಿಂದ ಜನವರಿ 6ರ ಮೂರು ರಾಜರ ಹಬ್ಬ ಮುಗಿದ ಕೂಡಲೇ ಎಲ್ಲವನ್ನೂ ಇಳಿಸಿಬಿಡುತ್ತೇವೆ. ಇಳಿಸುವಾಗ ದಪ್ಪ ಹಗ್ಗದ ತುದಿಗೆ ತೆಳುವಾದ ಹುರಿಯನ್ನು ಕಟ್ಟಿ ರಾಟೆಯಲ್ಲಿ ಅದನ್ನು ಮಾತ್ರ ಉಳಿಸುತ್ತೇವೆ. ಮುಂದಿನ ವರ್ಷ ಆ ಹುರಿಯೇ ಹಗ್ಗವನ್ನು ಮೇಲಕ್ಕೆ ಕರೆದೊಯ್ಯುತ್ತದೆ. ಎರಡು ವರ್ಷಕ್ಕೊಮ್ಮೆ ಲಿಫ್ಟ್ ತರಿಸಿ ಬೆಲ್ಟನ್ನು ಸಡಿಲಿಸುತ್ತೇವೆ, ಸವೆದಿದ್ದರೆ ಬದಲಾಯಿಸುತ್ತೇವೆ. ಇಳಿಸಿದ ಸಾಲುಗಳನ್ನು ಗೂಟದ ಸಂಖ್ಯೆ ಬರೆದ ರಟ್ಟುಗಳಿಗೆ ಒಂದೊಂದಾಗಿ ಸುತ್ತಿ, ಇಲಿ ಕಡಿಯದಂತೆ ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿ ತುಂಬಿಡುತ್ತೇವೆ.