ಹ್ಯಾವ್‌ಲಾಕ್‌ನಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರಿದೆ. ಅಲ್ಲಿಗೆ ಹೊರಟವರು ನಿತ್ಯದ ಮಾತ್ರೆ, ಸನ್‌ಸ್ಕ್ರೀನ್, ಮಗುವಿನ ಡೈಪರ್‌ಗಳನ್ನು ಮನೆಯಿಂದಲೇ ಒಯ್ಯಿರಿ. ಬಹುಪಾಲು ಸರಕು ಮುಖ್ಯಭೂಮಿಯಿಂದ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ಬಂದು, ಅಲ್ಲಿಂದ ಮತ್ತೆ ದೋಣಿ ಹತ್ತಬೇಕು. ಹಾಗಾಗಿ ಬೆಲೆ ಹೆಚ್ಚೆಂದು ಅಂಗಡಿಯವರೊಡನೆ ಜಗಳಕ್ಕಿಳಿಯುವುದು ಅನ್ಯಾಯ.

ಮರೆತ ಸಾಮಾನಿಗೆ ದ್ವೀಪದಲ್ಲಿರುವ ಗೋವಿಂದನಗರದ ಬಜಾರೇ ಗತಿ. ಸೋಪು, ಚಪ್ಪಲಿ, ಟೋಪಿ, ಬಾಳೆಹಣ್ಣು ಎಲ್ಲವೂ ಅಲ್ಲಿ ಸಿಗುತ್ತವೆ. ಎಟಿಎಂ ಕೂಡ ಅಲ್ಲೇ ಇದೆ. ಆದರೂ ನೆಟ್‌ವರ್ಕ್ ನಂಬಿ ಬರಿಗೈಯಲ್ಲಿ ಹೋಗಬೇಡಿ, ಚಿಲ್ಲರೆ ನೋಟುಗಳಿರಲಿ.

ಉಡುಗೊರೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ದಡದಲ್ಲಿ ಬಿದ್ದ ಹವಳದ ಚೂರನ್ನಾಗಲಿ, ಚಿಪ್ಪನ್ನಾಗಲಿ ಮಕ್ಕಳ ಜೇಬಿಗೂ ಸೇರಿಸಬೇಡಿ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ. ಸಂಜೆ ದಡದಲ್ಲಿ ಕುಳಿತರೆ ಆ ಮನೆಗಳು ನಿಮ್ಮ ಕಾಲಬಳಿಯೇ ನಡೆದು ಹೋಗುವುದು ಕಾಣುತ್ತದೆ.

ನಾನು ಆರಿಸುವುದು ತೆಂಗಿನ ಕರಟದ ಬಟ್ಟಲು. ಅಂಚಿನ ಮೇಲೆ ಬೆರಳಾಡಿಸಿ ನೋಡಿ, ತರಚಿದರೆ ಬೇರೆಯದನ್ನು ಕೇಳಿ. ಒಳಗೆ ಮೆರುಗೆಣ್ಣೆ ಬಳಿದಿದ್ದರೆ ಊಟಕ್ಕೆ ಬೇಡ, ಕೀಲಿಕೈ ಹಾಕಿಡಲು ಸಾಕು. ಪಡಾಕ್ ಮರದ ಸಾಮಾನು, ಮುತ್ತುಗಳನ್ನು ಮರಳುವಾಗ ಪೋರ್ಟ್ ಬ್ಲೇರ್‌ನ ಸರ್ಕಾರಿ ಸಾಗರಿಕಾ ಮಳಿಗೆಯಲ್ಲಿ ನೋಡಿ. ರಸೀದಿಯನ್ನು ಚೀಲದ ಮೇಲಿನ ಜೇಬಿನಲ್ಲೇ ಇಡಿ.